ಹೆಡ್‌ಫೋನಿನಲ್ಲಿ ಕೇಳಿದ ಮಗ್ಗಿ

ಆ ದಿನ ಬೆಳಗ್ಗೆ ಮನೆಗೆ ಬೀಗ ಹಾಕುವ ಮುಂಚೆ ನಾನು ನನ್ನ ತಮ್ಮನನ್ನು ಕೂಗಲಿಲ್ಲ. ಕೂಗಿದೆ ಎಂದು ಆಮೇಲೆ ಎಲ್ಲರೆದುರಿಗೂ ಹೇಳಿದೆ. ಮೊದಲನೆಯದು ಸಿಟ್ಟಿನಲ್ಲಿ ಆಗಿಹೋಯಿತು, ಎರಡನೆಯದನ್ನು ಹೆದರಿ ಮಾಡಿದೆ. ಸಿಟ್ಟು ಅರ್ಧ ಗಂಟೆಯಲ್ಲಿ ಇಳಿಯಿತು. ಸುಳ್ಳು ಮಾತ್ರ ವರ್ಷಗಟ್ಟಲೆ ನನ್ನನ್ನು ಕೂಡಿಹಾಕಿತು. ಅದರಿಂದ ನಾನು ಹೊರಗೆ ಬಂದದ್ದು ನನ್ನ ಒಳ್ಳೆಯತನದಿಂದ ಅಲ್ಲ. ಒಂದು ಮಧ್ಯಾಹ್ನ ನಡೆದ, ಇವತ್ತಿಗೂ ನನಗೆ ಬಗೆಹರಿಯದ ಒಂದು ಸಂಗತಿಯಿಂದ.

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ನನ್ನ ಓದು ಏಳನೇ ಕ್ಲಾಸಿಗೆ ನಿಂತಿತು. ಓದು ಕಡಿಮೆ ಇದ್ದವರು ಇಂಥವನ್ನು ಬೇಗ ನಂಬುತ್ತಾರೆ ಎಂದು ಓದಿದವರು ತಿಳಿದಿರುತ್ತಾರೆ. ನಮ್ಮ ಮನೆಯಲ್ಲಿ ಅದು ಉಲ್ಟಾ. ನಮ್ಮವರು ಡಿಗ್ರಿ ಮಾಡಿದವರು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇರುವವರು. ರಾಹುಕಾಲ ನೋಡದೆ ರೈಲಿನ ಟಿಕೆಟ್ಟನ್ನೂ ತೆಗೆಸುವುದಿಲ್ಲ. ಅವರನ್ನು ನೋಡಿ ನಗುವವಳು ನಾನು. ಯಾರಾದರೂ ತಮಗೆ ಹೀಗೆ ಕೇಳಿಸಿತು, ಹಾಗೆ ಕಾಣಿಸಿತು ಎಂದರೆ, "ಊಟ ಸರಿಯಾಗಿ ಮಾಡಿದ್ರಾ?" ಎಂದು ಕೇಳುತ್ತಿದ್ದೆ. ಈಗ ನೀವು ನನ್ನನ್ನು ಅದನ್ನೇ ಕೇಳಬಹುದು. ಮಾಡಿದ್ದೆ. ಅನ್ನ, ಹುಳಿ, ಆಲೂಗಡ್ಡೆ ಪಲ್ಯ.

ನಾವು ತುಮಕೂರಿನ ಕಡೆಯವರು. ನಮ್ಮವರಿಗೆ ಕಲ್ಕತ್ತೆಗೆ ವರ್ಗವಾದ ಮೇಲೆ ಡಮ್ ಡಮ್‌ನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ಹಿಡಿದೆವು. ಕಚೇರಿ ಸಾಲ್ಟ್ ಲೇಕ್‌ನಲ್ಲಿ. ಮಗಳು ಅನು ಇಲ್ಲೇ ಬೆಳೆದವಳು. ನನ್ನ ತಮ್ಮ ಶಿವು ಇಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಲು ಸೀಟು ಸಿಕ್ಕಿ ಬಂದಾಗ, ಹಾಸ್ಟೆಲ್ ಬೇಡ, ಅಕ್ಕನ ಮನೆ ಇಲ್ಲವೇ ಎಂದು ನಾನೇ ಕರೆದಿಟ್ಟುಕೊಂಡೆ. ಅವನನ್ನು ಎತ್ತಿ ಆಡಿಸಿದವಳು ನಾನು. ಅಮ್ಮ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟು ಅವನನ್ನು ಸಾಕಿದವಳೂ ನಾನೇ. ಅಡಿಗೆಮನೆಯ ಪಕ್ಕದ ಸಣ್ಣ ಕೋಣೆ ಅವನದಾಯಿತು.

ಅವನಿಗೆ ಒಂದೇ ಚಟ, ಕಂಪ್ಯೂಟರಿನಲ್ಲಿ ಸಂಗೀತ ಕೇಳುವುದು. ಒಂದು ದಿನ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಡಬ್ಬಿಯೊಂದನ್ನು ತಂದ. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿ ಹೆಡ್‌ಫೋನಿಗೆ. ಮುಂದೆ ಒಂದು ತಿರುಗಿಸುವ ಗುಂಡಿ, ಪಕ್ಕದಲ್ಲಿ ಸಾಸಿವೆಯಷ್ಟು ನೀಲಿ ದೀಪ.

"ಕಂಪ್ಯೂಟರೊಳಗೆ ಹಾಡು ಹಾಡಾಗಿರಲ್ಲ ಅಕ್ಕ, ಬರೀ ಅಂಕಿಗಳಾಗಿರುತ್ತೆ. ಅದನ್ನ ತಿರುಗ ಸದ್ದು ಮಾಡ್ಬೇಕಲ್ಲ, ಆ ಕೆಲಸ ಕಂಪ್ಯೂಟರು ಕಾಟಾಚಾರಕ್ಕೆ ಮಾಡುತ್ತೆ. ಈ ಡಬ್ಬಿಗೆ ಅದೊಂದೇ ಕೆಲಸ. ಆಮೇಲೆ ಹೆಡ್‌ಫೋನಿಗೆ ಬೇಕಾದಷ್ಟು ಬಲಾನೂ ಇದೇ ಕೊಡುತ್ತೆ."

"ಇದರಲ್ಲಿ ಅಕ್ಕಿ ಬೇಯುತ್ತೇನೋ?"

"ಬೇಯಲ್ಲ. ಆದ್ರೆ ಕಲ್ಲು ಆರಿಸಿಕೊಡುತ್ತೆ."

ಆವಾಗ ನಾನು ಅದನ್ನು ಕಿವಿಗೆ ಹಾಕಿಕೊಂಡು ನೋಡಲಿಲ್ಲ. ಕೆಲಸವಿತ್ತು. ಅಥವಾ, ನಿಜ ಹೇಳಬೇಕೆಂದರೆ, ಅವನು ಅದನ್ನು ಹಾಕಿಕೊಂಡರೆ ನನ್ನ ಮಾತಿಗೆ ಬೆಲೆಯಿಲ್ಲವಾಗುತ್ತದೆ ಎಂದು ನನಗೆ ಅದರ ಮೇಲೇ ಹೊಟ್ಟೆಕಿಚ್ಚು.

ಇಲ್ಲಿಯ ಮನೆಗಳಿಗೆ ಮರದ ಬಾಗಿಲಿನ ಹೊರಗೆ ಕಬ್ಬಿಣದ ಮಡಚುವ ಗೇಟೊಂದು ಇರುತ್ತದೆ. ಎಳೆದರೆ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಹರಡಿಕೊಳ್ಳುತ್ತದೆ. ಮನೆಯಿಂದ ಕೊನೆಗೆ ಹೊರಡುವವರು ಅದನ್ನು ಎಳೆದು ಹೊರಗಿನಿಂದ ಬೀಗ ಜಡಿಯುವುದು ರೂಢಿ. ಕಿಟಕಿಗಳಿಗೆಲ್ಲ ಕಂಬಿ. ಕಳ್ಳ ಒಳಗೆ ಬರುವ ಹಾಗಿಲ್ಲ. ಒಳಗಿದ್ದವರು ಹೊರಗೆ ಹೋಗುವ ಹಾಗೂ ಇಲ್ಲ ಎಂಬುದು ನಮಗೆ ಯಾವತ್ತೂ ಹೊಳೆದಿರಲಿಲ್ಲ. ಬೀಗದ ಕೈ ಇದ್ದದ್ದು ನನ್ನ ಗೊಂಚಲಿನಲ್ಲೊಂದು, ನಮ್ಮವರ ಜೇಬಿನಲ್ಲೊಂದು. ಅದಕ್ಕೇ ಬೀಗ ಹಾಕುವ ಮುಂಚೆ ಒಳಗೆ ಮುಖ ಮಾಡಿ ಒಂದು ಸಲ ಹೆಸರು ಹಿಡಿದು ಕೂಗುವುದು ನಮ್ಮ ಮನೆಯ ಕ್ರಮ.

ದುರ್ಗಾಪೂಜೆಯ ಅಷ್ಟಮಿಯ ಬೆಳಗ್ಗೆ ಇಲ್ಲಿ ಬರಿಹೊಟ್ಟೆಯಲ್ಲಿ ಪೆಂಡಾಲಿಗೆ ಹೋಗಿ ದೇವಿಗೆ ಅಂಜಲಿ ಕೊಡುತ್ತಾರೆ. ಪಾಡಾದವರೆಲ್ಲ, ಎಂದರೆ ನಮ್ಮ ಕೇರಿಯವರೆಲ್ಲ, ಅಲ್ಲಿರುತ್ತಾರೆ. ನಾವೂ ಬಂದ ವರ್ಷದಿಂದ ಹೋಗುತ್ತಿದ್ದೆವು. ಆ ವರ್ಷ ಶಿವು ಬರುವುದಿಲ್ಲ ಎಂದ. ನಾನು ಬಾಗಿಲಲ್ಲಿ ನಿಂತು, "ಎಲ್ಲರೂ ಕೇಳ್ತಾರೆ ಕಣೋ, ತಮ್ಮ ಎಲ್ಲಿ ಅಂತ. ಒಂದು ಗಳಿಗೆ ಬಂದು ಹೋದ್ರೆ ನಿನ್ನ ಗಂಟೇನು ಹೋಗುತ್ತೆ?" ಎನ್ನುತ್ತಿದ್ದೆ. ನಾನು ಹೇಳುತ್ತಿರುವಾಗಲೇ ಅವನು ಹೆಡ್‌ಫೋನು ತೆಗೆದು ಕಿವಿಗೆ ಏರಿಸಿಕೊಂಡ. ಡಬ್ಬಿಯ ಗುಂಡಿ ತಿರುಗಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮವರೂ ಅನುವೂ ಆಗಲೇ ಕೆಳಗಿಳಿದಿದ್ದರು. ನಾನು ಗೇಟು ಎಳೆದೆ. ಶಿವುವಿನ ಚಪ್ಪಲಿ ಬಾಗಿಲ ಪಕ್ಕದಲ್ಲೇ ಇತ್ತು, ನೋಡಿದೆ. ಕೂಗಲಿಲ್ಲ. ಕೂತಿರಲಿ ಅಲ್ಲೇ, ಅದನ್ನೇ ಕೇಳಿಕೊಂಡು, ಎಂದುಕೊಂಡೆ. ಬೀಗ ಒತ್ತಿದೆ.

ಪೆಂಡಾಲಿನಲ್ಲಿ ಜನವೋ ಜನ. ನಮ್ಮ ಸರದಿ ಬರುವುದು ತಡವಾಯಿತು. ಅಷ್ಟರಲ್ಲಿ ನಮ್ಮ ಕಟ್ಟಡದ ಕೆಳಗೆ ಕರೆಂಟಿನ ಮೀಟರುಗಳಿರುವ ಮೂಲೆಯಲ್ಲಿ ಬೆಂಕಿ ಹತ್ತಿಕೊಂಡಿತು. ಬೆಂಕಿ ದೊಡ್ಡದಲ್ಲ, ಹೊಗೆ ದೊಡ್ಡದು. ಮೆಟ್ಟಿಲ ಗುಂಟ ಮೇಲಕ್ಕೇರಿತು. ಎಲ್ಲರೂ ಕೂಗಿಕೊಂಡು ಇಳಿದು ಹೋಗಿದ್ದಾರೆ, ಶಿವುವಿಗೆ ಕೇಳಿಸಿಲ್ಲ. ವಾಸನೆ ಬಂದು ಎದ್ದು ಬಾಗಿಲು ತೆರೆದರೆ ಹೊರಗೆ ಗೇಟು, ಗೇಟಿಗೆ ಬೀಗ. ಕೊನೆಗೆ ಮೇಲಿನ ಮನೆಯ ಘೋಷ್‌ಬಾಬು, ಅರವತ್ತು ದಾಟಿದವರು, ಮೂಗಿಗೆ ಒದ್ದೆ ಟವೆಲ್ಲು ಕಟ್ಟಿಕೊಂಡು ಮಸಾಲೆ ಅರೆಯುವ ಗುಂಡುಕಲ್ಲಿನಿಂದ ಜಜ್ಜಿ ಜಜ್ಜಿ ಬೀಗ ಒಡೆದು ಅವನನ್ನು ಎಳೆದು ತಂದರು. ನಾವು ಓಡಿ ಬಂದಾಗ ಅವನನ್ನು ಫುಟ್‌ಪಾತಿನ ಮೇಲೆ ಮಲಗಿಸಿದ್ದರು. ಬದುಕಿದ. ಆದರೆ ಎದೆ ಮೊದಲಿನ ಹಾಗಾಗಲಿಲ್ಲ. ಈಗಲೂ ಚಳಿಗಾಲದಲ್ಲಿ ಮೆಟ್ಟಿಲು ಹತ್ತಿದರೆ ನಡುವೆ ನಿಲ್ಲುತ್ತಾನೆ.

ಅಲ್ಲೇ ಫುಟ್‌ಪಾತಿನಲ್ಲೇ ಘೋಷ್‌ಬಾಬುವಿನ ಹೆಂಡತಿ ನನ್ನ ತೋಳು ಹಿಡಿದು, "ಬೌದಿ, ಡಾಕೋ ನಿ?" ಎಂದರು. ಅತ್ತಿಗೆ, ಕೂಗಲಿಲ್ಲವೇ ಎಂದು. ಸುತ್ತ ಜನ ನಿಂತಿದ್ದರು. ನಮ್ಮವರು ನನ್ನ ಮುಖವನ್ನೇ ನೋಡುತ್ತಿದ್ದರು. "ಕೂಗಿದೆ, ಎರಡು ಸಲ ಕೂಗಿದೆ. ಕಿವಿಯಲ್ಲಿ ಅದು ಇತ್ತು," ಎಂದೆ. ಎಲ್ಲರ ಸಿಟ್ಟೂ ಹೆಡ್‌ಫೋನಿನ ಮೇಲೆ ಹೋಯಿತು. ಈಗಿನ ಹುಡುಗರು, ಈಗಿನ ಕಾಲ ಎಂದರು. ನಾನು ಹೌದು ಹೌದು ಎಂದೆ.

ಆಸ್ಪತ್ರೆಯಲ್ಲಿ ಮಾತಾಡುವ ಹಾಗಾದ ಮೇಲೆ ಶಿವು ಮೊದಲು ಆಡಿದ ಮಾತು ಇದು: "ಕ್ಷಮಿಸಕ್ಕ. ನಂದೇ ತಪ್ಪು. ನೀನು ಕೂಗಿದಾಗಲೇ ಏಳ್ಬೇಕಿತ್ತು." ನಾನು ಅವನ ತಲೆ ಸವರಿದೆ. ಹೇಳಬೇಕಾದ್ದು ಆಗ ಹೇಳಬೇಕಿತ್ತು. ಹೇಳಲಿಲ್ಲ.

ಮನೆಗೆ ಬಂದವನು ಡಬ್ಬಿಯನ್ನೂ ಹೆಡ್‌ಫೋನನ್ನೂ ಹಳೆಯ ಬನಿಯನ್ನಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. "ಮಾರಿಬಿಡು, ಇಲ್ಲ ಎಸೆದುಬಿಡು. ನಾನು ಇನ್ನು ಇದನ್ನ ಮುಟ್ಟಲ್ಲ." ಮುಟ್ಟಲಿಲ್ಲ. ಹಾಡು ಕೇಳುವುದನ್ನೇ ಬಿಟ್ಟ. ಆಟೋದಲ್ಲಿ ಹಾಡು ಹಾಕಿದ್ದರೆ ನಿಲ್ಲಿಸಲು ಹೇಳುತ್ತಿದ್ದನಂತೆ. ಕೆಲವು ತಿಂಗಳಲ್ಲಿ ಸದರ್ನ್ ಅವೆನ್ಯೂ ಕಡೆ ಗೆಳೆಯರ ಜೊತೆ ಒಂದು ಮೆಸ್ಸು, ಎಂದರೆ ಊಟವೂ ಸಿಗುವ ಬಾಡಿಗೆ ಕೋಣೆ, ಸೇರಿದ. ನಾನು ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಬಾಗಿಲ ಪಕ್ಕ ಒಂದು ಮೊಳೆ ಹೊಡೆಸಿ ಅದಕ್ಕೆ ಇನ್ನೊಂದು ಬೀಗದ ಕೈ ತೂಗುಹಾಕಿದೆ. ಅಷ್ಟೇ ನಾನು ಮಾಡಿದ ಪ್ರಾಯಶ್ಚಿತ್ತ.

ಮೂರ್ನಾಲ್ಕು ವರ್ಷ ಹೀಗೇ ಹೋಯಿತು. ಅನು ಕಾಲೇಜು ಸೇರಿದಳು, ಹೊಸ ಲ್ಯಾಪ್‌ಟಾಪ್ ಬಂತು. ಹಳೆಯದನ್ನು ನನಗೆ ಕೊಟ್ಟಳು. ಅದರಲ್ಲಿ ದೇವರನಾಮ ಹಾಕಿಕೊಂಡು ಕೇಳುತ್ತಿದ್ದೆ. ಸದ್ದು ತಗಡಿನ ಹಾಗೆ. ಒಂದು ದಿನ ಗೊಣಗಿದೆ.

"ಮಾ, ಮಾಮನ ಡಬ್ಬಿ ಮೇಲೆ ಇದೆ ನಾ? ಅದನ್ನ ಕನೆಕ್ಟ್ ಮಾಡಿದ್ರೆ ಸೌಂಡ್ ಏಕ್‌ದಮ್ ಚೇಂಜ್ ಆಗುತ್ತೆ," ಎಂದಳು ಅನು.

"ಬೇಡ ಬಿಡು. ಅದು ಅವನದು."

"ಅವನು ಎಸೆಯೋಕೆ ಹೇಳಿದ್ದ. ನೀನು ಎಸೆದಿಲ್ಲ. ಮತ್ತೆ ಯಾಕೆ ಇಟ್ಟಿದ್ದೀಯಾ, ಪೂಜೆ ಮಾಡೋಕಾ?"

ಅವಳೇ ಸ್ಟೂಲು ಹಾಕಿ ಇಳಿಸಿದಳು, ಜೋಡಿಸಿಕೊಟ್ಟಳು. ನೀಲಿ ದೀಪ ಹತ್ತಿತು. ನಾನು ಹೆಡ್‌ಫೋನು ಹಾಕಿಕೊಂಡೆ. ಅವತ್ತು ನನಗೆ ತಿಳಿಯಿತು ಶಿವು ಏನನ್ನು ಬಿಟ್ಟಿದ್ದಾನೆ ಎಂದು. ಇಷ್ಟು ವರ್ಷ ಕೇಳಿದ ಅದೇ ದೇವರನಾಮ. ಆದರೆ ಹಾಡುವಾಕೆ ಸಾಲು ಎತ್ತಿಕೊಳ್ಳುವ ಮುಂಚೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ತಂಬೂರಿಯ ತಂತಿಗಳು ಬೇರೆ ಬೇರೆಯಾಗಿ ಕೇಳಿಸಿದವು. ಹಿಂದೆ ಯಾರೋ ಕುರ್ಚಿ ಸರಿಸಿದರು. ಹಾಡು ಮುಗಿದು ಸದ್ದು ಆರುವಾಗ ಆ ಕೋಣೆ ಎಷ್ಟು ದೊಡ್ಡದೆಂದೂ ತಿಳಿಯುವ ಹಾಗಿತ್ತು. ಕಣ್ಣು ತುಂಬಿ ಬಂತು. ಅನು ಹಾಡಿಗೆ ಎಂದುಕೊಂಡಳು.

ಅದಾಗಿ ಕೆಲವು ದಿನದ ಮೇಲೆ, ಬೇಸಿಗೆಯ ಒಂದು ಮಧ್ಯಾಹ್ನ. ನಮ್ಮವರು ಕಚೇರಿಗೆ ಹೋಗಿದ್ದರು. ನಾನು ಸ್ನಾನಕ್ಕೆ ಹೋದಾಗ ಅನು ಕಾಲೇಜಿಗೆ ಹೊರಟಿದ್ದಾಳೆ. ಕಾಲೇಜು ಸೇರಿದ ಮೇಲೆ ಅವಳಿಗೆಂದೇ ಮಾಡಿಸಿಕೊಟ್ಟಿದ್ದ ಬೀಗದ ಕೈ ಸಿಕ್ಕಿಲ್ಲ. ಮೊಳೆಯಲ್ಲಿದ್ದುದನ್ನು ತೆಗೆದುಕೊಂಡು, ಅಭ್ಯಾಸಬಲದಿಂದ ಗೇಟು ಎಳೆದು ಬೀಗ ಹಾಕಿ ಹೋಗಿದ್ದಾಳೆ. ನನ್ನ ಗೊಂಚಲು ಹಿಂದಿನ ದಿನ ಅವಳು ಒಯ್ದದ್ದು, ಅವಳಿಗೂ ನೆನಪಿಲ್ಲದೆ ಅವಳ ಚೀಲದಲ್ಲೇ ಉಳಿದಿತ್ತು. ಊಟ ಮುಗಿಸಿ ಕಸ ಹೊರಗಿಡಲು ಹೋದಾಗ ನೋಡಿದೆ. ಫೋನು ಮಾಡಿದೆ.

"ಅಯ್ಯೋ ಮಾ, ಸಾರಿ! ಕ್ಲಾಸ್ ಮುಗಿದ ತಕ್ಷಣ ಬರ್ತೀನಿ. ನೀನು ಎಲ್ಲಿಗೂ ಹೋಗಲ್ಲ ನಾ?"

"ಎಲ್ಲಿಗೆ ಹೋಗ್ಲಿ, ಹಸುವಿನ ಹಾಗೆ ಕಟ್ಟಿಹಾಕಿ ಹೋಗಿದ್ದೀಯಲ್ಲ."

ನಕ್ಕು ಫೋನಿಟ್ಟಳು. ನಾನು ನಗುತ್ತಲೇ ಗೇಟಿನ ಹತ್ತಿರ ನಿಂತಿದ್ದೆ. ಸುಮ್ಮನೆ ಕಂಬಿ ಹಿಡಿದು ಒಂದು ಸಲ ಎಳೆದು ನೋಡಿದೆ. ಬರಲಿಲ್ಲ. ಬೀಗ ಹಾಕಿದ ಗೇಟು ಬರುವುದಿಲ್ಲವೆಂದು ಗೊತ್ತಿದ್ದರೂ ಕೈ ಯಾಕೋ ಮತ್ತೊಂದು ಸಲ ಎಳೆಯಿತು. ಬಾಗಿಲು ಮುಂದೆ ಮಾಡಿ ಒಳಗೆ ಬಂದು, ಮನಸ್ಸು ಬೇರೆ ಕಡೆ ಹೋಗಲಿ ಎಂದು ಶಿವುವಿನ ಕೋಣೆಯಲ್ಲಿ ಕೂತು ಹಾಡು ಹಾಕಿಕೊಂಡೆ.

ಎರಡನೆಯ ಹಾಡಿನ ನಡುವೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಹಾಡು ನಡೆಯುತ್ತಲೇ ಇತ್ತು. ಆಗ ಹಾಡಿನ ಹಿಂದೆ ಕಬ್ಬಿಣದ ಸದ್ದು ಕೇಳಿಸಿತು. ಝಣ್, ಝಣ್. ಅನು ಬಂದಳು ಎಂದುಕೊಂಡು ಹೆಡ್‌ಫೋನು ತೆಗೆದೆ. ಏನೂ ಇಲ್ಲ. ಎದ್ದು ಹೋಗಿ ನೋಡಿದೆ. ಗೇಟು ಸುಮ್ಮನಿತ್ತು. ಮೆಟ್ಟಿಲ ಮೇಲೆ ಯಾರೂ ಇಲ್ಲ. ಮೇಲೆ ವಿಮಾನವೊಂದು ಇಳಿಯುತ್ತಿತ್ತು, ಅಷ್ಟೇ.

ಬಂದು ಮತ್ತೆ ಹಾಕಿಕೊಂಡೆ. ಸದ್ದು ಇತ್ತು. ಹಾಡು ಹಾಡಿದ ಕಡೆಯದ್ದೇ ಇರಬೇಕು, ಕುರ್ಚಿಯ ಸದ್ದಿನ ಹಾಗೆ ಇದನ್ನೂ ಡಬ್ಬಿ ಆರಿಸಿ ಕೊಟ್ಟಿದೆ ಎಂದುಕೊಂಡೆ. ಹಾಡನ್ನು ಹಿಂದಕ್ಕೆ ಸರಿಸಿ ಅದೇ ಜಾಗ ಕೇಳಿದೆ. ಹಾಡು ಹಿಂದಕ್ಕೆ ಹೋಯಿತು, ಸದ್ದು ಹೋಗಲಿಲ್ಲ. ತನ್ನ ಪಾಡಿಗೆ ತಾನು ಮುಂದಕ್ಕೆ ನಡೆದಿತ್ತು. ಬೇರೆ ಹಾಡು ಹಾಕಿದೆ. ಅದರ ಹಿಂದೆಯೂ ಇತ್ತು. ಹಾಡನ್ನೇ ನಿಲ್ಲಿಸಿದೆ.

ಸದ್ದು ನಿಲ್ಲಲಿಲ್ಲ. ಈಗ ಅದೊಂದೇ ಇತ್ತು. ಅದು ನಮ್ಮ ಗೇಟಿನ ಸದ್ದು. ದಿನಾ ನಾನು ಎಳೆಯುವ ಗೇಟು, ತಪ್ಪುವುದು ಹೇಗೆ? ಯಾರೋ ಎರಡೂ ಕೈಯಲ್ಲಿ ಹಿಡಿದು ಅಲುಗಿಸುತ್ತಿದ್ದರು. ಆಮೇಲೆ ಕೆಮ್ಮು. ಆಮೇಲೆ ಶಿವುವಿನ ದನಿ.

"ಹದಿನೇಳೊಂದ್ಲ ಹದಿನೇಳು. ಹದಿನೇಳೆರಡ್ಲ ಮೂವತ್ನಾಲ್ಕು. ಹದಿನೇಳ್ಮೂರ್ಲ ಐವತ್ತೊಂದು." ಕೆಮ್ಮು. ಮತ್ತೆ ಮೊದಲಿನಿಂದ, "ಹದಿನೇಳೊಂದ್ಲ ಹದಿನೇಳು..."

ಅವನು ಚಿಕ್ಕವನಿದ್ದಾಗ ಮಗ್ಗಿ ಹೇಳಿಕೊಟ್ಟವಳು ನಾನು. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ನಡುವೆ ತಡವರಿಸಿದರೆ ಮೊದಲಿನಿಂದ ಹೇಳಬೇಕು ಎಂದು ನಿಯಮ ಮಾಡಿದ್ದೆ. ಹದಿನೇಳರದ್ದು ಅವನಿಗೆ ಯಾವತ್ತೂ ದಾಟುತ್ತಿರಲಿಲ್ಲ.

ಹೆಡ್‌ಫೋನು ಕಿತ್ತೆಸೆಯಬೇಕಿತ್ತು. ಆಗಲಿಲ್ಲ. ಹೆದರಿಕೆಯಿಂದ ಮಾತ್ರವಲ್ಲ. ತೆಗೆದರೆ ಅವನು ಅಲ್ಲಿ ಒಬ್ಬನೇ ಆಗಿಬಿಡುತ್ತಾನೆ ಎನ್ನಿಸಿತು. ಬೆವರು ಇಳಿಯುತ್ತಿತ್ತು. ಕಿಟಕಿಗೆ ಕಂಬಿ, ಹೊರಗೆ ಬೀಗ, ಕಿವಿಯಲ್ಲಿ ಅವನು. ಪ್ರತಿ ಸಲವೂ ಐವತ್ತೊಂದಕ್ಕೆ ಬಂದು ನಿಲ್ಲುತ್ತಿದ್ದ, ಪ್ರತಿ ಸಲವೂ ಕೆಮ್ಮು ಹೆಚ್ಚಾಗುತ್ತಿತ್ತು, ಗೇಟಿನ ಸದ್ದು ಕಡಿಮೆಯಾಗುತ್ತಿತ್ತು. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಕೊನೆಗೆ ತಡೆಯಲಾರದೆ, ಪಾಠ ಹೇಳಿಕೊಡುವ ಹಾಗೇ, ಗಟ್ಟಿಯಾಗಿ ಹೇಳಿದೆ: "ಹದಿನೇಳ್ನಾಲ್ಕ್ಲ ಅರವತ್ತೆಂಟು, ಶಿವು. ಅರವತ್ತೆಂಟು."

ಅಲ್ಲಿ ಎಲ್ಲ ನಿಂತಿತು. ಯಾರೋ ಕೇಳಿಸಿಕೊಂಡಾಗ ಆಗುವಂಥ ಮೌನ. ಆಮೇಲೆ ಕಲ್ಲು ಕಬ್ಬಿಣಕ್ಕೆ ಬಡಿದ ಒಂದೇ ಒಂದು ಏಟು, ಕಿವಿ ಒಡೆಯುವ ಹಾಗೆ. ಅದಾದ ಮೇಲೆ ಏನೂ ಇಲ್ಲ.

ಅನು ಬಂದು ಬೀಗ ತೆಗೆದಾಗ ನಾನು ಗೇಟಿನ ಒಳಗೆ ನೆಲದ ಮೇಲೆ ಕೂತಿದ್ದೆನಂತೆ. ಅವಳು ಹೆಡ್‌ಫೋನು ಹಾಕಿಕೊಂಡು ಎಲ್ಲ ಹಾಡನ್ನೂ ಕೇಳಿದಳು, ನಿಲ್ಲಿಸಿಯೂ ಕೇಳಿದಳು. ಏನೂ ಇರಲಿಲ್ಲ. ಹತ್ತಿರದಲ್ಲಿ ಮೊಬೈಲ್ ಇದ್ದರೆ, ವೈರು ಸಡಿಲವಿದ್ದರೆ ಏನೇನೋ ಸದ್ದು ಬರುತ್ತದೆ ಎಂದಳು. ರಾಹುಕಾಲ ನೋಡುವ ನಮ್ಮವರು, "ನಿದ್ದೆ ಹತ್ತಿರ್ಬೇಕು ಕಣೇ, ಸೆಕೆ," ಎಂದರು. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ನನ್ನ ಮನಸ್ಸಿನ ಪಾಪವೇ ದನಿಯಾಯಿತು ಎಂದರೆ ಒಪ್ಪಬಹುದು. ಆದರೆ ಮಗ್ಗಿ ಎಲ್ಲಿಂದ ಬಂತು?

ಅದೊಂದನ್ನು ಕೇಳದೆ ಇರಲಾಗಲಿಲ್ಲ. ಮುಂದಿನ ಭಾನುವಾರ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಮೆಟ್ರೋ ಹತ್ತಿದೆ. ಅವನ ಮೆಸ್ಸಿನ ಹತ್ತಿರ ಒಂದು ದೊಡ್ಡ ಕೆರೆಯಿದೆ, ಇಲ್ಲಿಯವರು ಸರೋವರ ಎನ್ನುತ್ತಾರೆ; ಅದರ ಗೇಟಿನ ಹತ್ತಿರ ಶಿವು ಕಾಯುತ್ತಿದ್ದ. ಸೊರಗಿ ಇಳಿದುಹೋಗಿದ್ದ.

"ಏನಕ್ಕ, ದಿಢೀರಂತ? ಭಾವನ ಜೊತೆ ಜಗಳನಾ?"

"ಜಗಳ ಆಡಿದ್ರೆ ನಿನ್ನ ಮೆಸ್ಸಿಗೆ ಬರ್ತೀನಾ, ಬೇಳೆ ತೊಳೆದ ನೀರು ಕುಡಿಯೋಕೆ?"

ಝಾಲ್ ಮುಡಿ ಕೊಂಡು ನೀರಿನ ಎದುರಿಗೆ ಬೆಂಚಿನ ಮೇಲೆ ಕೂತೆವು. ನಮ್ಮ ಕಡೆಯ ಚುರುಮುರಿಯೇ, ಸಾಸಿವೆ ಎಣ್ಣೆ ಹಾಕಿರುತ್ತಾರೆ. ಅವನು ಮೆಣಸಿನಕಾಯಿ ಆರಿಸಿ ನನ್ನ ಪೊಟ್ಟಣಕ್ಕೆ ಹಾಕುತ್ತಿದ್ದ. ನಾನು ನೀರು ನೋಡಿಕೊಂಡೇ ಕೇಳಿದೆ.

"ಶಿವು, ಅವತ್ತು ಗೇಟಿನ ಹತ್ತಿರ ನೀನು ಏನಾದ್ರೂ ಹೇಳ್ಕೋತಿದ್ಯೇನೋ?"

ಅವನ ಕೈ ನಿಂತಿತು. "ಯಾರು ಹೇಳಿದ್ರು ನಿಂಗೆ? ಘೋಷ್‌ಬಾಬುಗೆ ಕನ್ನಡ ಬರಲ್ವಲ್ಲ."

"ಏನು ಹೇಳ್ತಿದ್ದೆ?"

"ನಗಬಾರ್ದು. ಮಗ್ಗಿ. ಹದಿನೇಳರ ಮಗ್ಗಿ. ಪ್ರಜ್ಞೆ ತಪ್ಪಬಾರ್ದು ಅಂತ. ಐವತ್ತೊಂದರ ಮುಂದೆ ಹೋಗ್ತಾನೇ ಇರ್ಲಿಲ್ಲ ಅಕ್ಕ. ಪಿಎಚ್‌ಡಿ ಮಾಡೋನು!" ನಕ್ಕ, ನಕ್ಕದ್ದಕ್ಕೆ ಕೆಮ್ಮು ಬಂತು. ಸುಧಾರಿಸಿಕೊಂಡು ಹೇಳಿದ: "ಕೊನೆಗೆ ನೀನು ಹೇಳಿಕೊಟ್ಟೆ. ಅರವತ್ತೆಂಟು ಅಂತ, ನನ್ನ ಬೆನ್ನ ಹಿಂದೆ ಮನೆ ಒಳಗಿಂದ, ಚಿಕ್ಕವನಿದ್ದಾಗ ಹೇಳ್ತಿದ್ಯಲ್ಲ ಹಂಗೇ. ಅಷ್ಟೊತ್ತಿಗೆ ಘೋಷ್‌ಬಾಬು ಬೀಗಕ್ಕೆ ಕಲ್ಲು ಹಾಕಿದ್ರು. ಹೊಗೆ ತಲೆಗೆ ಹತ್ತಿತ್ತು ಅಂತ ಕಾಣುತ್ತೆ. ಆದ್ರೆ ಎಷ್ಟು ಸ್ಪಷ್ಟವಾಗಿ ಕೇಳಿಸ್ತು ಅಂದ್ರೆ, ಆಮೇಲೆ ನೀನು ಕೂಗಿದ್ದೆ ಅಂದಾಗ ನಾನು ಮರುಮಾತಾಡ್ಲಿಲ್ಲ. ನೀನು ಕೂಗದೆ ಇರ್ತೀಯಾ ಅಂದ್ಕೊಂಡೆ."

ಇದನ್ನು ನಾನು ಹೇಗೆ ಜೋಡಿಸಲಿ? ಅವನು ಜ್ವರದಲ್ಲಿ ಆಸ್ಪತ್ರೆಯಲ್ಲಿ ಮಗ್ಗಿ ಬಡಬಡಿಸಿರಬಹುದು, ನಾನು ಕೇಳಿ ಮರೆತಿರಬಹುದು. ಅರವತ್ತೆಂಟು ಇಬ್ಬರಿಗೂ ಹೊಳೆದದ್ದು ಕಾಕತಾಳೀಯ ಇರಬಹುದು. ಓದಿದವರು ಯಾರಾದರೂ ಇನ್ನೂ ಒಳ್ಳೆಯ ಕಾರಣ ಹೇಳಿಯಾರು. ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಕಾರಣವೂ ಪೂರ್ತಿ ಕೂರುವುದಿಲ್ಲ. ಆಮೇಲೆ ಎಷ್ಟೋ ಮಧ್ಯಾಹ್ನ ಅದೇ ಕೋಣೆಯಲ್ಲಿ ಒಬ್ಬಳೇ ಕೂತಿದ್ದೇನೆ. ಏನೂ ಕೇಳಿಸಿಲ್ಲ.

ಆದರೆ ಆ ಬೆಂಚಿನ ಮೇಲೆ ನನಗೆ ಮೊದಲು ಹೊಳೆದದ್ದು ಇದ್ಯಾವುದೂ ಅಲ್ಲ. ಈಗ ಸುಮ್ಮನಿದ್ದರೆ ಸಾಕು, ನನ್ನ ಸುಳ್ಳು ನಿಜವಾಗಿ ಹೋಗುತ್ತದೆ ಎಂಬುದು. ಅವನೇ ಸಾಕ್ಷಿ ಹೇಳಿಯಾಗಿತ್ತು, ಅಕ್ಕ ಕೂಗಿದಳು ಎಂದು. ಒಂದು ಕ್ಷಣ ನಾನು ಅದನ್ನು ತೆಗೆದುಕೊಳ್ಳಲು ತಯಾರಾಗಿದ್ದೆ. ಆಮೇಲೆ ಚೀಲದಿಂದ ಡಬ್ಬಿ ತೆಗೆದು ಅವನ ತೊಡೆಯ ಮೇಲಿಟ್ಟೆ. ಅವನು ಹಾವು ಬಿದ್ದ ಹಾಗೆ ಕೈ ಹಿಂದಕ್ಕೆಳೆದುಕೊಂಡ.

"ಇದನ್ಯಾಕೆ ತಂದೆ?"

"ಇದರದ್ದೇನೂ ತಪ್ಪಿಲ್ಲ ಕಣೋ, ನಿಂದೂ ಇಲ್ಲ. ನಾನು ಕೂಗ್ಲಿಲ್ಲ. ಒಂದು ಸಲಾನೂ ಕೂಗ್ಲಿಲ್ಲ. ನೀನು ಒಳಗಿದ್ದೀಯ ಅಂತ ಗೊತ್ತಿದ್ದೇ ಬೀಗ ಹಾಕ್ದೆ, ಸಿಟ್ಟಿಗೆ. ಆಮೇಲೆ ಎಲ್ಲರ ಮುಂದೆ ಸುಳ್ಳು ಹೇಳ್ದೆ. ಆಸ್ಪತ್ರೇಲಿ ನೀನು ನನ್ನ ಕ್ಷಮೆ ಕೇಳ್ದಾಗ್ಲೂ ಬಾಯಿ ಮುಚ್ಕೊಂಡಿದ್ದೆ. ನಂದು ತಪ್ಪಾಯ್ತು, ಶಿವು. ನನ್ನ ಕ್ಷಮಿಸಪ್ಪ."